ಧರೆಗೆ ಲಾವಂಚ: ಈ ಹುಲ್ಲು ಎಷ್ಟು ಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ

ಮಲೆನಾಡಿನಲ್ಲಿ ಮನೆ ಕಟ್ಟುವುದೆಂದರೆ ಮೊದಲು ಗುಡ್ಡ ಕಡಿಯುವುದು. ಸಪಾಟಾದ ಜಾಗವೆಲ್ಲ ಗದ್ದೆಗೋ ತೋಟಕ್ಕೋ ಹೋಗಿರುತ್ತದೆ, ಮನೆಗೆ ಉಳಿಯುವುದು ಇಳಿಜಾರು. ಹಿಂದೆ ಗುದ್ದಲಿ, ಹಾರೆ ಹಿಡಿದು ಕಡಿಯುತ್ತಿದ್ದರು. ಕೈ ಸೋತಲ್ಲಿಗೆ ಅಂಗಳ ಮುಗಿಯುತ್ತಿತ್ತು. ಈಗ ಜೆಸಿಬಿ ಬಂದು ಒಂದೇ ದಿನದಲ್ಲಿ ಇಪ್ಪತ್ತು ಅಡಿ ಎತ್ತರಕ್ಕೆ ಗುಡ್ಡವನ್ನು ನೆಟ್ಟಗೆ ಕಡಿದು ಹೋಗುತ್ತದೆ. ಹಾಗೆ ಮನೆ ಹಿಂದೆ ನಿಂತ ಮಣ್ಣಿನ ಗೋಡೆಯೇ ಧರೆ. ಮೊದಲ ಮಳೆಗಾಲ ಅದು ಸುಮ್ಮನೆ ನಿಂತಿರುತ್ತದೆ. ಎರಡನೆಯದರಲ್ಲೂ ನಿಲ್ಲಬಹುದು. ಆಮೇಲೆ ಆಶ್ಲೇಷ ಮಳೆಯ ಒಂದು ರಾತ್ರಿ ಹಿತ್ತಿಲಲ್ಲಿ ದೊಪ್ಪೆಂದು ಸದ್ದಾಗುತ್ತದೆ.

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲೂ ಹಾಗೇ ಆಯಿತು. ಬಚ್ಚಲಿನ ಗೋಡೆಯವರೆಗೂ ಮಣ್ಣು ಬಂತು, ಅಷ್ಟಕ್ಕೇ ನಿಂತಿತು. ನೋಡಲು ಬಂದವರಲ್ಲಿ ಅರ್ಧ ಜನ ಹೇಳಿದ್ದು ಒಂದೇ ಮಾತು: "ಲಾವಂಚ ನೆಡಿ ಮಾರಾಯ್ರೆ, ಆಮೇಲೆ ಧರೆ ಅಲ್ಲಾಡೋದೇ ಇಲ್ಲ." ನೆಟ್ಟೆವು. ಮೊದಲ ವರ್ಷ ನೆಟ್ಟಿದ್ದರಲ್ಲಿ ಮುಕ್ಕಾಲು ಪಾಲು ಮಣ್ಣಿನ ಜೊತೆಯೇ ಕೆಳಗೆ ಬಂತು. ಆಮೇಲೆ ಕುಳಿತು ಓದಿ, ಕೇಳಿ, ಮತ್ತೆ ನೆಟ್ಟು ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹುಲ್ಲಿನ ಪರಿಚಯ. ಲಾವಂಚ ನಮ್ಮದೇ ನೆಲದ ಹುಲ್ಲು. ಹೊಳೆದಂಡೆ, ಕೆರೆಯಂಚು, ಜೌಗು ನೆಲ, ಕಡಲ ಪಕ್ಕದ ಮರಳು, ಎಲ್ಲ ಕಡೆ ಬರುತ್ತದೆ. ಕನ್ನಡದಲ್ಲಿ ಇದಕ್ಕೆ ಮುಡಿವಾಳ ಎಂಬ ಹಳೆಯ ಹೆಸರೂ ಇದೆ. ಊರೂರು ಸುತ್ತಿದ ಹೆಸರು ಮಾತ್ರ ತಮಿಳಿನದು. ವೆಟ್ಟಿವೇರ್, ಅಂದರೆ ಕಡಿದು ತೆಗೆದ ಬೇರು. ಅದೇ ಇಂಗ್ಲಿಷಿನಲ್ಲಿ ವೆಟಿವರ್ ಆಯಿತು. ಸಸ್ಯಶಾಸ್ತ್ರದವರು ಈಗ ಕ್ರೈಸೊಪೊಗನ್ ಜಿಜಾನಿಯೊಯ್ಡಿಸ್ ಎನ್ನುತ್ತಾರೆ. ನಮಗೆ ಗೊತ್ತಿರುವುದು ಬೇಸಿಗೆಯಲ್ಲಿ ಕುಡಿಯುವ ನೀರಿನ ಹೂಜಿಗೆ ಹಾಕುವ ಬೇರಿನ ಕಟ್ಟು, ನೀರು ಚಿಮುಕಿಸಿ ಕಿಟಕಿಗೆ ತೂಗುಬಿಡುವ ತಟ್ಟಿ, ಘಮ್ಮೆನ್ನುವ ಬೀಸಣಿಗೆ.

ಬೇರಿಗಾಗಿ ಇದನ್ನು ಬೆಳೆಯುವವರು ಕಡಲ ದಂಡೆಯ ಮರಳನ್ನೇ ಯಾಕೆ ಹುಡುಕುತ್ತಾರೆ ಎಂಬುದು ಸ್ವಾರಸ್ಯದ ವಿಷಯ. ಕೇರಳದ ಚಾವಕ್ಕಾಡು, ಪೊನ್ನಾನಿ ಕಡೆ, ತಮಿಳುನಾಡಿನ ಕಡಲೂರು ಕಡೆ ಸಮುದ್ರದ ಹತ್ತಿರದ ಮರಳಿನಲ್ಲಿ ಲಾವಂಚದ ಬೆಳೆಯೇ ಇದೆ. ಉಪ್ಪಿಗೆ ಇದು ಅಷ್ಟಾಗಿ ಹೆದರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮರಳಿನಲ್ಲಿ ಬೇರು ಸಲೀಸಾಗಿ ಇಳಿಯುತ್ತದೆ, ಅಗೆಯುವಾಗ ಮುರಿಯದೆ ಇಡಿಯಾಗಿ ಬರುತ್ತದೆ. ನಮ್ಮ ಕೆಂಪು ಮಣ್ಣಿನಿಂದ ಇದೇ ಬೇರನ್ನು ಕೀಳಲು ಹೋಗಿ ನೋಡಿ, ಹಾರೆಯೇ ಬೇಕು. ಬೆಳೆಗಾರನಿಗೆ ತಲೆನೋವಾದ ಈ ಹಟವೇ ಧರೆಯ ಕೆಳಗೆ ಮಲಗುವ ನಮಗೆ ಬೇಕಾದದ್ದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಧರೆಯನ್ನೂ ಹಿಡಿಯಲಿ, ನಾಲ್ಕು ಕಾಸಿನ ಬೇರೂ ಸಿಗಲಿ ಎಂದು ಲೆಕ್ಕ ಹಾಕುವವರಿದ್ದಾರೆ. ಎರಡೂ ಆಗುವುದಿಲ್ಲ. ಎಣ್ಣೆಗೆ ಬೆಳೆಯುವವರು ಒಂದೂವರೆ ವರ್ಷದ ಹೊತ್ತಿಗೆ ನೆಲವನ್ನೆಲ್ಲ ಅಗೆದು ಬೇರು ತೆಗೆಯುತ್ತಾರೆ. ಇಳಿಜಾರಿನಲ್ಲಿ ಹಾಗೆ ಅಗೆದರೆ ಧರೆಯನ್ನು ನಾವೇ ಕೈಯಾರೆ ಕೆಡವಿದ ಹಾಗೆ. ಬೇರು ಬೇಕಾದರೆ ಗದ್ದೆಯ ಮೂಲೆಯಲ್ಲಿ ಬೇರೆಯಾಗಿ ನೆಟ್ಟುಕೊಳ್ಳಿ.

ಈ ಹುಲ್ಲಿನ ಬೇರು ಉಳಿದ ಹುಲ್ಲುಗಳ ಹಾಗೆ ಪಕ್ಕಕ್ಕೆ ಹರಡುವುದಿಲ್ಲ. ನೇರ ಪಾತಾಳದ ಕಡೆ ಹೊರಡುತ್ತದೆ. ಸಡಿಲವಾದ ಒಳ್ಳೆಯ ಮಣ್ಣಿನಲ್ಲಿ ಒಂದೇ ವರ್ಷಕ್ಕೆ 2ರಿಂದ 3 ಮೀಟರ್ ಇಳಿದದ್ದಿದೆ. ಜಂಬಿಟ್ಟಿಗೆ ಕಲ್ಲು ಅಡ್ಡ ಬಂದರೆ ಅಷ್ಟು ಇಲ್ಲ, ಆದರೂ ಸಂದು ಹುಡುಕಿಕೊಂಡು ಇಳಿಯುತ್ತದೆ. ಲಾನ್ ಹುಲ್ಲಿನ ಬೇರಿನ ದಟ್ಟಣೆಯೆಲ್ಲ ಗೇಣುದ್ದದೊಳಗೇ ಮುಗಿಯುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಹೋಂಸ್ಟೇಗಳವರು ಇಳಿಜಾರಿನ ಮೇಲೆ ದುಬಾರಿ ಲಾನ್ ಹಾಸಿ ಮಣ್ಣು ಗಟ್ಟಿಯಾಯಿತು ಎಂದುಕೊಳ್ಳುತ್ತಾರೆ. ಅದು ಧರೆಗೆ ಹೊದೆಸಿದ ಕಂಬಳಿ ಅಷ್ಟೇ. ಧರೆ ಜಾರುವಾಗ ಕಂಬಳಿಯ ಸಮೇತ ಜಾರುತ್ತದೆ.

ಬೇರಿನ ಬಲವನ್ನು ಎಂಜಿನಿಯರುಗಳು ಎಳೆದು ಅಳೆದಿದ್ದಾರೆ. ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ಲಾವಂಚದ ಬೇರು ಸರಾಸರಿ 75 ಮೆಗಾಪಾಸ್ಕಲ್ ಎಳೆತ ತಡೆಯುತ್ತದೆ. ಇದು ಮನೆ ಕಟ್ಟುವ ಸಾದಾ ಉಕ್ಕಿನ ಬಲದ ಸುಮಾರು ಆರನೇ ಒಂದು ಪಾಲು. ಕಾಂಕ್ರೀಟಿನೊಳಗೆ ಸರಳು ಯಾಕೆ ಹಾಕುತ್ತಾರೆ? ಕಾಂಕ್ರೀಟು ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಮಣ್ಣಿನ ಕತೆಯೂ ಅದೇ. ಮಣ್ಣಿನ ಒಂದು ಪದರ ಇನ್ನೊಂದರ ಮೇಲೆ ಜಾರಲು ಹೊರಟಾಗ ಎರಡನ್ನೂ ತೂರಿ ನಿಂತ ಸಾವಿರಾರು ಬೇರುಗಳು ಸರಳಿನ ಹಾಗೆ ಎಳೆದು ಹಿಡಿಯುತ್ತವೆ.

ಇದು ನೆಲದೊಳಗಿನ ಕೆಲಸ. ನೆಲದ ಮೇಲಿನ ಕೆಲಸ ಇದಕ್ಕಿಂತ ಜಾಸ್ತಿ ಮುಖ್ಯ ಎಂದು ನನಗನ್ನಿಸುತ್ತದೆ, ಯಾಕೆಂದರೆ ಅದು ದಿನಾ ನಡೆಯುವಂಥದ್ದು.

ಇಳಿಜಾರಿನಲ್ಲಿ ನೀರು ಇಳಿಯುತ್ತಾ ಇಳಿಯುತ್ತಾ ವೇಗ ಕೂಡಿಸಿಕೊಳ್ಳುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಎರಡು ಪಟ್ಟಾಗುವುದಿಲ್ಲ, ಲೆಕ್ಕದ ಪ್ರಕಾರ 64 ಪಟ್ಟಾಗುತ್ತದೆ. ಬೆಳಿಗ್ಗೆ ಬೆರಳು ಹಿಡಿಯುವಷ್ಟಿದ್ದ ಕೊರಕಲು ಸಂಜೆಗೆ ಕಾಲು ಹಿಡಿಯುವಷ್ಟಾಗುವುದು ಹೀಗೆ. ಆದ್ದರಿಂದ ಮಣ್ಣು ಕೊಚ್ಚುವುದನ್ನು ನಿಲ್ಲಿಸಬೇಕಾದರೆ ನೀರನ್ನು ತಡೆಯಬೇಕಿಲ್ಲ, ಅದರ ಓಟ ಮುರಿದರೆ ಸಾಕು. ಲಾವಂಚದ ಬುಡ ಒತ್ತಾಗಿ ತೆಂಡೆ, ಅಂದರೆ ಬುಡದಿಂದಲೇ ಏಳುವ ಮರಿ, ಒಡೆದು ಗಟ್ಟಿ ಕಡ್ಡಿಗಳ ಬೇಲಿಯಾಗುತ್ತದೆ. ನೀರು ಅಲ್ಲಿಗೆ ಬಂದು ಮುಗ್ಗರಿಸುತ್ತದೆ, ಉದ್ದಕ್ಕೂ ಹರಡಿಕೊಳ್ಳುತ್ತದೆ, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸಿ ಸಂದಿನಿಂದ ಮೆಲ್ಲಗೆ ಆಚೆ ಹೋಗುತ್ತದೆ. ಅಡುಗೆಮನೆಯ ಸೋಸುವ ಜರಡಿಯ ಕೆಲಸವೇ. ಮೂರು ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಬೇಲಿಯ ಮೇಲ್ಬದಿಯಲ್ಲಿ ಮಣ್ಣು ತುಂಬಿ ಒಂದು ಮೆಟ್ಟಿಲು ತಾನಾಗಿ ಎದ್ದಿರುತ್ತದೆ. ಹುಲ್ಲು ಅದರಡಿ ಹೂತು ಸಾಯುವುದಿಲ್ಲ, ಗೆಣ್ಣುಗಳಿಂದ ಹೊಸ ಬೇರು ಬಿಟ್ಟು ಮಣ್ಣಿನ ಜೊತೆಗೇ ಮೇಲೇರುತ್ತದೆ.

ನಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಗಡಿಗೆ ತಲೆತಲಾಂತರದಿಂದ ಲಾವಂಚದ ಸಾಲು ಇಟ್ಟುಕೊಂಡು ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಲಾನಯನ ಕೆಲಸಕ್ಕೆ ಭಾರತದಲ್ಲಿದ್ದ ರಿಚರ್ಡ್ ಗ್ರಿಮ್‌ಶಾ, ಜಾನ್ ಗ್ರೀನ್‌ಫೀಲ್ಡ್ ಎಂಬಿಬ್ಬರು ಮಣ್ಣು ಉಳಿಸಲು ಈ ಹುಲ್ಲೇ ಸಾಕೆಂದು ಊರೂರಿಗೆ ಸಾರಿದರು. ಗ್ರೀನ್‌ಫೀಲ್ಡ್ ಅದಕ್ಕೂ ಮುಂಚೆ, 1950ರ ದಶಕದಲ್ಲಿ, ಫಿಜಿಯ ಕಬ್ಬಿನ ಗುಡ್ಡಗಳಲ್ಲಿ ಇದನ್ನು ನೆಟ್ಟು ನೋಡಿದ್ದವರು. 1993ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಇದೊಂದೇ ಹುಲ್ಲಿನ ಮೇಲೆ ಒಂದು ವರದಿ ತಂದಿತು. ಥಾಯ್ಲೆಂಡಿನ ರಾಜ ಭೂಮಿಬೋಲ್ ತಮ್ಮ ದೇಶದ ತುಂಬ ನೆಡಿಸಿದರು. ತಮಾಷೆ ಎಂದರೆ, ಡಿಎನ್ಎ ಪರೀಕ್ಷೆ ಮಾಡಿದಾಗ ದೇಶ ದೇಶಗಳಲ್ಲಿ ಧರೆ ಹಿಡಿದಿರುವ ಲಾವಂಚದ ಬಹುಪಾಲು ಒಂದೇ ತಾಯಿಬುಡದ ಮರಿಗಳು ಎಂದು ಗೊತ್ತಾಯಿತು. ಯಾಕೆಂದರೆ ನೆಡಲು ಬಳಸುವ ದಕ್ಷಿಣ ಭಾರತದ ಬಗೆ ಮೊಳೆಯುವ ಬೀಜ ಬಿಡುವುದು ತೀರಾ ಅಪರೂಪ. ಬುಡ ಸೀಳಿ ಮರಿ ಮಾಡಿಯೇ ಹಬ್ಬಿಸಬೇಕು. ಹಾಗಾಗಿ ಇದು ತೋಟಕ್ಕೆ ನುಗ್ಗಿ ಕಳೆಯಾಗುವ ಭಯವಿಲ್ಲ. ಯುಪಟೋರಿಯಂ ಕಡಿದು ಕಡಿದು ಸುಸ್ತಾದ ನಮಗೆ ಇದು ಸಣ್ಣ ಸಮಾಧಾನವಲ್ಲ. ಉತ್ತರ ಭಾರತದ ಬಗೆ ಬೀಜ ಬಿಡುತ್ತದೆ, ಅದನ್ನು ತರಬೇಡಿ.

ಇಷ್ಟೆಲ್ಲ ಹೊಗಳಿದ ಮೇಲೆ ಈಗ ಅದರ ಮಿತಿ.

ನಮ್ಮ ಗುಡ್ಡವನ್ನು ಕಡಿದಾಗ ಕಾಣುವ ಪದರಗಳನ್ನು ಒಮ್ಮೆ ಸರಿಯಾಗಿ ನೋಡಿ. ಮೇಲೆ ಒಂದಿಷ್ಟು ಕಪ್ಪು ಮಣ್ಣು. ಅದರ ಕೆಳಗೆ ಕೆಂಪು ಮಣ್ಣು, ಜಂಬಿಟ್ಟಿಗೆ. ಜಂಬಿಟ್ಟಿಗೆ ಗಾಳಿಗೆ ಬಿದ್ದಷ್ಟೂ ಗಟ್ಟಿಯಾಗುತ್ತದೆ, ಅದಕ್ಕೇ ಅದನ್ನು ಕಲ್ಲಾಗಿ ಕಡಿದು ಮನೆ ಕಟ್ಟುತ್ತೇವೆ. ಇನ್ನೂ ಕೆಳಗೆ ಹೋದರೆ ಬಿಳಿ, ಹಳದಿ, ನಸುಗುಲಾಬಿ ಬಣ್ಣದ ನುಣ್ಣನೆಯ ಶೇಡಿ ಮಣ್ಣು ಸಿಗುತ್ತದೆ. ಒಣಗಿದಾಗ ಶೇಡಿಯಷ್ಟು ಗಟ್ಟಿ ಮಣ್ಣಿಲ್ಲ, ಜೆಸಿಬಿಯ ಹಲ್ಲಿನ ಗುರುತು ಹಾಗೇ ಉಳಿದಿರುತ್ತದೆ. ನೀರು ಕುಡಿದರೆ ಮಾತ್ರ ಬೆಣ್ಣೆ. ಮೇಲಿನ ಜಂಬಿಟ್ಟಿಗೆ ಟೊಪ್ಪಿಯ ಹಾಗೆ ಇರುವವರೆಗೂ, ಬದಿ ಕಡಿಯದೆ ಇರುವವರೆಗೂ ಶೇಡಿ ತನ್ನ ಪಾಡಿಗೆ ಇರುತ್ತದೆ. ನಾವು ಮೇ ತಿಂಗಳಿನಲ್ಲಿ ಕಡಿದು, ಗಟ್ಟಿ ಮಣ್ಣು, ಏನೂ ಆಗಲ್ಲ ಎಂದುಕೊಳ್ಳುತ್ತೇವೆ. ಜುಲೈ ಹೊತ್ತಿಗೆ ಅದೇ ಮಣ್ಣು ಬೇರೆಯೇ ಆಗಿರುತ್ತದೆ.

ಧರೆ ಹಾಳಾಗುವುದು ಮೂರು ರೀತಿಯಲ್ಲಿ. ಮೇಲ್ಮೈ ಮಣ್ಣು ಮಳೆಗೆ ಕರಗಿ ಕೊಚ್ಚಿ ಹೋಗುವುದು ಒಂದು. ಇದಕ್ಕೆ ಲಾವಂಚದಂಥ ಮದ್ದು ಇನ್ನೊಂದಿಲ್ಲ. ಒಂದೆರಡು ಮೀಟರ್ ದಪ್ಪದ ಪದರ ಸುಲಿದು ಜಾರುವುದು ಎರಡನೆಯದು. ಬೇರು ಆ ಪದರ ದಾಟಿ ಕೆಳಗಿಳಿದಿದ್ದರೆ, ಅಂದರೆ ನೆಟ್ಟು ಎರಡು ವರ್ಷವಾದರೂ ಆಗಿದ್ದರೆ, ಇಲ್ಲಿಯೂ ಅದು ಕೆಲಸಕ್ಕೆ ಬರುತ್ತದೆ. ಮೂರನೆಯದು ಗುಡ್ಡದ ಮೈಯೇ ಆಳದಿಂದ ಜಾರುವುದು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಮುತ್ತ ಕಾಫಿ ತೋಟಗಳು ಮರಗಳ ಸಮೇತ ಇಳಿದು ಬಂದದ್ದನ್ನು ಎಲ್ಲರೂ ನೋಡಿದ್ದೇವೆ. ದೊಡ್ಡ ಮರದ ಬೇರಿಗೇ ನಿಲ್ಲದ್ದು ಹುಲ್ಲಿಗೆ ನಿಲ್ಲುತ್ತದೆಯೇ? ಗುಡ್ಡದ ನೆತ್ತಿಯಲ್ಲಿ ಬಿಲ್ಲಿನಾಕಾರದ ಬಿರುಕು ಕಂಡರೆ, ಮರಗಳು ಒಂದೇ ದಿಕ್ಕಿಗೆ ವಾಲಿದರೆ, ಇಲ್ಲದ ಕಡೆ ಒರತೆ ಎದ್ದು ಕೆಸರು ನೀರು ಬರತೊಡಗಿದರೆ ಲಾವಂಚದ ಸಸಿ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾ ಕೂರಬೇಡಿ. ಮನೆ ಬಿಟ್ಟು ಹೊರಬನ್ನಿ, ಪಂಚಾಯಿತಿಗೂ ತಾಲ್ಲೂಕು ಕಚೇರಿಗೂ ತಿಳಿಸಿ.

ನಮ್ಮ ಮೊದಲ ವರ್ಷದ ತಪ್ಪುಗಳಿಗೆ ಬರುತ್ತೇನೆ. ಅವು ನಮ್ಮೊಬ್ಬರವೇ ಅಲ್ಲ, ಸುಮಾರು ಎಲ್ಲರೂ ಮಾಡುವಂಥವು.

ಮೊದಲನೆಯದು ಹುಲ್ಲೇ ತಪ್ಪು. ತಂದ ಸಸಿಯಲ್ಲಿ ಅರ್ಧದಷ್ಟು ಮಜ್ಜಿಗೆ ಹುಲ್ಲಾಗಿತ್ತು. ಎಳೆಯ ಬುಡ ನೋಡಲು ಹೆಚ್ಚುಕಡಿಮೆ ಒಂದೇ ಥರ. ಗರಿ ಉಜ್ಜಿ ಮೂಸಿದರೆ ಗೊತ್ತಾಗುತ್ತದೆ. ಗರಿಗೆ ನಿಂಬೆಯ ವಾಸನೆ ಇದ್ದರೆ ಮಜ್ಜಿಗೆ ಹುಲ್ಲು. ಲಾವಂಚದ ಗರಿಗೆ ವಾಸನೆಯೇ ಇಲ್ಲ, ಪರಿಮಳವೆಲ್ಲ ಬೇರಿನಲ್ಲಿ. ಮಜ್ಜಿಗೆ ಹುಲ್ಲು ಕಷಾಯಕ್ಕೆ ಒಳ್ಳೆಯದು, ಅದರ ಬೇರು ಧರೆಗೆ ಸಾಲದು.

ಎರಡನೆಯದು ಹೊತ್ತು. ನಾವು ನೆಟ್ಟಿದ್ದು ಪುನರ್ವಸು ಮಳೆಯಲ್ಲಿ. ಮಳೆಗಾಲದಲ್ಲಿ ನೆಟ್ಟರೆ ನೀರು ಹಾಕುವ ಕೆಲಸ ಇಲ್ಲವಲ್ಲ ಎಂಬ ಸೋಮಾರಿ ಲೆಕ್ಕ. ಬಯಲುಸೀಮೆಗೆ ಅದು ಸರಿ. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಆಗುಂಬೆಯ ನೆರೆಯಲ್ಲಿ ಜುಲೈ ತಿಂಗಳ ಬೋಳು ಧರೆಯ ಮೇಲೆ ನೆಟ್ಟ ಸಸಿಗೆ ಬೇರು ಕಚ್ಚಲು ಪುರುಸೊತ್ತೇ ಸಿಗುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲೇ ಬುಡ ಸೀಳಿ, ಎರಡು ಮೂರು ತೆಂಡೆ ಸೇರಿಸಿ ಸಣ್ಣ ಪ್ಲಾಸ್ಟಿಕ್ ತೊಟ್ಟೆಯಲ್ಲಿ ನೆಟ್ಟು ಬೇರು ಬರಿಸಿಕೊಳ್ಳಬೇಕು. ಮೇ ತಿಂಗಳಲ್ಲಿ ಕೃತ್ತಿಕಾ ಮಳೆ ನಾಲ್ಕು ಹನಿ ಬಿದ್ದು ಮಣ್ಣು ಮೆದುವಾದ ಕೂಡಲೇ ಧರೆಗೆ ಇಳಿಸಬೇಕು. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಅದಕ್ಕೆ ಒಂದು ತಿಂಗಳ ಬಲ ಬಂದಿರುತ್ತದೆ. ಅದು ತಪ್ಪಿದರೆ ಮಳೆ ತಗ್ಗಿದ ಮೇಲೆ ಸೆಪ್ಟೆಂಬರಿನಲ್ಲಿ ನೆಡಿ. ಆಗ ಬೇಸಿಗೆಯಲ್ಲಿ ಪೈಪು ಹಿಡಿದು ನಿಲ್ಲುವ ಕೆಲಸ ಒಪ್ಪಿಕೊಳ್ಳಬೇಕು.

ಮೂರನೆಯದು ಸಾಲು. ನಾವು ಹೂವಿನ ಗಿಡ ನೆಟ್ಟ ಹಾಗೆ ಅಡಿಗೊಂದು ಊರಿದ್ದೆವು, ಸಾಲೂ ಅಂಕುಡೊಂಕು. ಲಾವಂಚ ಒಂಟಿಯಾಗಿ ಏನೂ ಮಾಡದು. ಎರಡು ಸಸಿಯ ನಡುವೆ ಒಂದು ಅಡಿ ಸಂದು ಬಿಟ್ಟರೆ ನೀರೆಲ್ಲ ಆ ಸಂದಿಗೇ ನುಗ್ಗಿ ಅಲ್ಲೇ ಕೊರೆಯುತ್ತದೆ. ಏನೂ ನೆಡದೇ ಇದ್ದದ್ದಕ್ಕಿಂತ ಕೆಟ್ಟದು. ಸಸಿಯಿಂದ ಸಸಿಗೆ 10ರಿಂದ 15 ಸೆಂಟಿಮೀಟರ್, ಅಷ್ಟೇ. ಸಾಲು ಪೂರ್ತಿ ಸಮಮಟ್ಟದಲ್ಲಿರಬೇಕು. ಕಣ್ಣಳತೆ ನಂಬಬೇಡಿ, ಮೇಸ್ತ್ರಿಗಳ ಲೆವೆಲ್ ಪೈಪು ಇಸ್ಕೊಂಡು ಬಂದು ಗೂಟ ಹೊಡೆದುಕೊಳ್ಳಿ. ಕಡಿದಾದ ಕಡೆ ಮೀಟರಿಗೊಂದು ಸಾಲು ಬೇಕು. ನಮ್ಮ ಧರೆ 12 ಮೀಟರ್ ಅಗಲ, ಇಳಿಜಾರಿನುದ್ದ 5 ಮೀಟರ್. ಐದು ಸಾಲೆಂದರೆ 60 ಮೀಟರ್. 12 ಸೆಂಟಿಮೀಟರಿಗೆ ಒಂದರಂತೆ 500 ಸಸಿ ಬೇಕಾಯಿತು. ಮೊದಲ ಸಲ ನಾವು ತಂದಿದ್ದು ನೂರೈವತ್ತು.

ಇದಕ್ಕೆಲ್ಲ ಮೊದಲು ಧರೆಯ ಕೋನ ನೋಡಬೇಕು. ನೆಟ್ಟಗಿನ ಗೋಡೆಗೆ ಹುಲ್ಲು ನೆಡಲು ಬರುವುದಿಲ್ಲ, ನೆಟ್ಟರೂ ನಿಲ್ಲುವುದಿಲ್ಲ. ಒಂದಡಿ ಎತ್ತರಕ್ಕೆ ಒಂದಡಿ ಹಿಂದಕ್ಕೆ ಹೋಗುವಷ್ಟು, ಅಂದರೆ 45 ಡಿಗ್ರಿಗೆ, ಓರೆ ಮಾಡಿಕೊಂಡರೆ ಒಳ್ಳೆಯದು. ಜಾಗ ಇಲ್ಲದವರು ಬುಡದಲ್ಲಿ ನಾಲ್ಕೈದು ಅಡಿ ಜಂಬಿಟ್ಟಿಗೆ ಕಲ್ಲಿನ ಗೋಡೆ ಕಟ್ಟಿ, ಅದರ ಮೇಲಿನ ಭಾಗವನ್ನಷ್ಟೇ ಓರೆ ಮಾಡಿ ನೆಡಬಹುದು. ಗೋಡೆಗೆ ನೀರು ಬಸಿಯಲು ತೂತು ಬಿಡಲೇಬೇಕು. ತೂತಿಲ್ಲದ ಗೋಡೆಯ ಹಿಂದೆ ನೀರು ತುಂಬಿಕೊಂಡು ಗೋಡೆಯನ್ನೇ ದೂಡುತ್ತದೆ. ಲಕ್ಷ ಸುರಿದು ಕಟ್ಟಿದ ಸಿಮೆಂಟಿನ ಗೋಡೆಗಳು ಹೊಟ್ಟೆ ಉಬ್ಬಿಸಿಕೊಂಡು ನಿಂತಿರುವುದನ್ನು ನೀವೂ ನೋಡಿರಬಹುದು.

ಎಲ್ಲಕ್ಕಿಂತ ದೊಡ್ಡ ತಪ್ಪನ್ನು ತೋರಿಸಿದ್ದು ನಮ್ಮ ದೊಡ್ಡಪ್ಪ. ಎರಡನೇ ವರ್ಷ ನೆಡಲು ಗೂಟ ಹೊಡೆಯುತ್ತಿದ್ದಾಗ ಬಂದು, ಧರೆಯನ್ನು ನೋಡಲೇ ಇಲ್ಲ, ನೇರ ಮೇಲೆ ಹತ್ತಿ ಹೋದರು. ಅಲ್ಲಿಂದ ಕೂಗಿ ಕೇಳಿದರು: "ಮೇಲಿನ ಬೇಣದ ನೀರೆಲ್ಲ ಎಲ್ಲಿಗೆ ಹೋಗ್ತದೆ ಮಾರಾಯ?" ಎಲ್ಲಿಗೆ ಹೋಗುತ್ತದೆ, ನಮ್ಮ ಧರೆಯ ಮೇಲೆಯೇ. ಅದು ಸಾಲದು ಎಂಬಂತೆ ಮೇಲಿದ್ದ ಹಳೆಯ ಕೊಟ್ಟಿಗೆಯ ಸೂರಿನ ನೀರೂ ಅಲ್ಲಿಗೇ ಬೀಳುತ್ತಿತ್ತು. ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. 100 ಚದರ ಮೀಟರ್ ಸೂರಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ನಮ್ಮಲ್ಲಿ ಅಂಥ ದಿನ ಒಂದೋ ಎರಡೋ ಅಲ್ಲ.

ನೆತ್ತಿಯಿಂದ ಮೂರು ಮೀಟರ್ ಹಿಂದೆ ಸರಿದು ಒಂದು ಚರಂಡಿ ತೋಡಿದೆವು. ಅಡಿಕೆ ತೋಟಕ್ಕೆ ಬಸಿಗಾಲುವೆ ತೋಡುವ ಹಾಗೆಯೇ, ಸ್ವಲ್ಪ ವಾಟ ಕೊಟ್ಟು, ನೀರು ಬದಿಯ ಹಳ್ಳಕ್ಕೆ ಹೋಗುವಂತೆ. ಅದಕ್ಕೆ ಸಿಮೆಂಟು ಹಾಕಿಸಿದೆವು, ಯಾಕೆಂದರೆ ಚರಂಡಿಯಲ್ಲಿ ನೀರು ಇಂಗಿದರೆ ಅದು ಇಳಿಯುವುದು ಶೇಡಿಗೇ. ಇಂಗುಗುಂಡಿ ಒಳ್ಳೆಯದು ಎಂದು ಎಲ್ಲ ಕಡೆ ಕೇಳುತ್ತೇವೆ, ಬಯಲಿನಲ್ಲಿ ಹೌದು. ಧರೆಯ ನೆತ್ತಿಯ ಮೇಲೆ ಇಂಗುಗುಂಡಿ ತೋಡುವುದು ಶುದ್ಧ ಅಪಾಯ. ನೆತ್ತಿಯಂಚಿಗೇ ವಾಲಿ ನಿಂತಿದ್ದ ಎರಡು ಅಕೇಶಿಯಾವನ್ನೂ ತೆಗೆಸಿದೆವು. ಗಾಳಿಗೆ ತೊನೆಯುವ ಮರ ಅಂಚನ್ನು ಸನ್ನೆಗೋಲಿನ ಹಾಗೆ ಮೀಟುತ್ತದೆ. ಬುಡ, ಬೇರು ಕೀಳಿಸಲಿಲ್ಲ. ಬಿಸಿಲೂ ಬಂತು, ಅದೂ ಬೇಕಿತ್ತು. ಲಾವಂಚಕ್ಕೆ ನೆರಳು ಆಗುವುದಿಲ್ಲ. ದಟ್ಟ ಮರದ ಕೆಳಗೆ, ಅಡಿಕೆ ತೋಟದೊಳಗೆ ನೆಟ್ಟರೆ ಸೊರಗಿ ಹೋಗುತ್ತದೆ. ಅಂಥ ಕಡೆ ಹಳ್ಳದ ಬದಿಗೆ ನಮ್ಮ ಹಿರಿಯರು ಬಿಟ್ಟುಕೊಂಡು ಬಂದ ಕೇದಗೆಯ ಮೆಳೆಯೇ ವಾಸಿ.

ಆರೈಕೆ ಜಾಸ್ತಿ ಇಲ್ಲ. ಮೊದಲ ವರ್ಷ ದನ ತುಳಿಯದಂತೆ ನೋಡಿಕೊಳ್ಳಬೇಕು. ಎಳೆಯ ಗರಿ ತಿಂದರೆ ಮತ್ತೆ ಬರುತ್ತದೆ, ಗೊರಸಿಗೆ ಕಿತ್ತ ಸಸಿ ಬರುವುದಿಲ್ಲ. ಸತ್ತ ಸಸಿಯ ಜಾಗ ತಕ್ಷಣ ತುಂಬಬೇಕು. ವರ್ಷಕ್ಕೆ ಎರಡು ಸಲ ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ತೆಂಡೆ ಒತ್ತಾಗುತ್ತದೆ. ಕತ್ತರಿಸುವಾಗ ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳಿ, ಬಲಿತ ಗರಿಯ ಅಂಚು ಕೈ ಕೊಯ್ಯುತ್ತದೆ. ಕತ್ತರಿಸಿದ್ದನ್ನು ಕೊಟ್ಟಿಗೆಗೆ ಕರಡದ ಬದಲು ಹಾಸಬಹುದು, ಅಡಿಕೆ ಬುಡಕ್ಕೂ ಮುಚ್ಚಬಹುದು. ಕತ್ತರಿಸದೆ ಬಿಟ್ಟರೆ ಆಳೆತ್ತರ ಬೆಳೆದು ಬಾಗಿ, ಹಸಿರು ಕಾರಂಜಿಯ ಹಾಗೆ ಕಾಣುತ್ತದೆ. ಚಂದವೇ, ಆದರೆ ಮನೆಯ ಬೆನ್ನಿಗೆ ಹಾವು ಅಡಗುವ ಜಾಗ ಬೇಡ ಎಂದು ನಾವು ಕತ್ತರಿಸುತ್ತೇವೆ.

ಈಗ ನಾಲ್ಕು ಮಳೆಗಾಲ ಕಳೆದಿದೆ. ಕೆಳಗಿನ ಎರಡು ಸಾಲಿನ ಹಿಂದೆ ಗೇಣುದ್ದ ಮಣ್ಣು ನಿಂತು ಮೆಟ್ಟಿಲಾಗಿದೆ. ಮೂಲೆಯಲ್ಲಿ, ಮಾವಿನ ಮರದ ನೆರಳು ಬೀಳುವ ಕಡೆ, ಸಾಲು ಇವತ್ತಿಗೂ ತೆಳುವೇ, ಅಲ್ಲಿ ಪ್ರತಿ ವರ್ಷ ಒಂದಿಷ್ಟು ಮಣ್ಣು ಉದುರುತ್ತದೆ. ಗದ್ದೆಯ ಮೂಲೆಯಲ್ಲಿ ಬೇರೆಯಾಗಿ ಬೆಳೆಸಿದ್ದ ಬುಡಗಳನ್ನು ಸೀಳಿ ಈ ಸಲ ಪಕ್ಕದ ಮನೆಯವರಿಗೆ ಮುನ್ನೂರು ಮರಿ ಕೊಟ್ಟೆವು. ಅವರ ಧರೆ ನಮ್ಮದಕ್ಕಿಂತ ಕಡಿದು. ಮರಿಗಳು ತೊಟ್ಟೆಯಲ್ಲಿ ಬೇರು ಬಿಡುತ್ತಿವೆ, ಅವರು ಮೇಲೆ ಚರಂಡಿ ತೋಡಿಸುತ್ತಿದ್ದಾರೆ.